ಬೆನ್ನಿನ ಗುರುತು

ಪೊಲೀಸಪ್ಪನನ್ನು ಕಂಡೊಡನೆ ಕಾಲಿಗೆ ಬುದ್ಧಿ ಹೇಳುತ್ತಿದ್ದ ಬಾಬಕರ್ ಇವತ್ತು ಸೀದಾ ಅವನ ಎದುರಿಗೇ ನಡೆದು ಬಂದ. ಹೆದರಿ ಹಿಂದೆ ಸರಿದವನು ಪೊಲೀಸಪ್ಪ ಯುಸೇಬಿಯೊನೇ.

“ಏನೋ? ಏನು ಬೇಕು?”

“ಸಾಹೇಬ್ರೆ, ನನಗೆ ದಂಡ ಹಾಕಿ.”

ಯುಸೇಬಿಯೊ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಹೇಳಿಕೇಳಿ ಪ್ರವಾಸಿಗರು ಮುಗಿಬೀಳುವ ಆಗಸ್ಟ್ ತಿಂಗಳು. ಸ್ಪೇನಿನ ಈ ಕಡಲ ದಂಡೆಯ ಉದ್ದಕ್ಕೂ ಸೆನೆಗಲ್ಲಿನ ಹುಡುಗರು ಬಿಳಿ ದುಪ್ಪಟಿ ಹಾಸಿ ಕೈಚೀಲ, ಕನ್ನಡಕ ಕದ್ದುಮುಚ್ಚಿ ಮಾರುವ ಹೊತ್ತು. ದುಪ್ಪಟಿಯ ನಾಲ್ಕು ಮೂಲೆಗೂ ಹಗ್ಗ. ಪೊಲೀಸ್ ಟೋಪಿ ಕಂಡಿತೋ, ಒಂದೇ ಎಳೆತ. ಅಂಗಡಿ ಗಂಟಾಗಿ ಹೆಗಲಿಗೇರುತ್ತದೆ, ಹುಡುಗ ಮಾಯ. ಈ ವಿದ್ಯೆಯಲ್ಲಿ ಬಾಬಕರನನ್ನು ಮೀರಿಸಿದವರಿಲ್ಲ. ಒಂದೇ ಒಂದು ಸಲವೂ ಸಿಕ್ಕಿಬಿದ್ದವನಲ್ಲ. ಈಗ ಅದೇ ಅವನ ಕುತ್ತಿಗೆಗೆ ಬಂದಿತ್ತು.

ಕಾನೂನು ಇಷ್ಟೇ: ಕಾಗದಪತ್ರವಿಲ್ಲದೆ ಬಂದವನೂ ಎರಡು ವರ್ಷ ಸ್ಪೇನಿನಲ್ಲೇ ಇದ್ದೆ ಎಂದು ತೋರಿಸಿ, ಕೈಯಲ್ಲೊಂದು ಕೆಲಸ ಇಟ್ಟುಕೊಂಡರೆ ವಾಸದ ಪರವಾನಗಿ ಸಿಗುತ್ತದೆ. ಕೆಲಸವೇನೋ ಇತ್ತು, ಕೊಡುತ್ತೇನೆಂದು ಮೀನಂಗಡಿಯ ಯಜಮಾನಿ ಬರೆದೇ ಕೊಟ್ಟಿದ್ದಳು. ಇದ್ದೆ ಎನ್ನುವುದಕ್ಕೇ ಪುರಾವೆ ಇಲ್ಲ. ಬಾಡಿಗೆ ಇನ್ನೊಬ್ಬನ ಹೆಸರಲ್ಲಿ, ಊರಿಗೆ ಕಳಿಸುವ ದುಡ್ಡು ಮತ್ತೊಬ್ಬನ ಹೆಸರಲ್ಲಿ. ಹಾಳಾದ ಜ್ವರವಾದರೂ ಬಂದು ಆಸ್ಪತ್ರೆ ಸೇರಿದ್ದನೇ ಎಂದರೆ ಅದೂ ಇಲ್ಲ. “ಒಂದು ದಂಡದ ಚೀಟಿಯಾದ್ರೂ ಇಲ್ವೇನಪ್ಪಾ?” ಎಂದು ವಕೀಲೆ ಹಣೆ ಚಚ್ಚಿಕೊಂಡಿದ್ದಳು.

ಬಾಬಕರನ ಕೋಣೆಯ ಜೊತೆಗಾರ ಸಂಬನಿಗೆ, ಆಮೆ ನಡಿಗೆಯ ಆ ಸಂಬನಿಗೆ, ವಾರ ತಪ್ಪದೆ ಸಿಕ್ಕಿಬಿದ್ದು ದಂಡದ ಚೀಟಿಗಳ ಕಂತೆಯೇ ಇತ್ತು. ಅದನ್ನೇ ಪುರಾವೆಯಾಗಿ ಕೊಟ್ಟು ಪರವಾನಗಿ ಗಿಟ್ಟಿಸಿ, ಹೆಂಡತಿ ಮಕ್ಕಳನ್ನು ನೋಡಿ ಬರಲು ರಾಜಾರೋಷವಾಗಿ ವಿಮಾನ ಹತ್ತಿದ್ದ. ಬಾಬಕರ್ ಊರು ಬಿಟ್ಟಾಗ ತಾಯಿಯ ಹೊಟ್ಟೆಯಲ್ಲಿದ್ದ ಮಗಳಿಗೆ ಅಪ್ಪ ಎಂದರೆ ಫೋನಿನೊಳಗಿನ ಒಂದು ತಲೆ. ಪರವಾನಗಿ ಇಲ್ಲದೆ ಹೋದರೆ ಮರಳಿ ಬರುವಂತಿಲ್ಲ. ಅವಳನ್ನು ಒಮ್ಮೆ ಎತ್ತಿಕೊಳ್ಳಬೇಕು. ಅದೊಂದೇ ಅವನ ಸಂಕಟ.

“ಈಗ ದಂಡ ಹಾಕಿದ್ರೆ ಇವತ್ತಿನ ತಾರೀಕು ಬೀಳತ್ತಲ್ಲೋ ದಡ್ಡ,” ಎಂದ ಯುಸೇಬಿಯೊ ಎಲ್ಲ ಕೇಳಿ. “ಹಳೇದಕ್ಕೇನು ಮಾಡ್ತೀಯ?”

“ನೀವಿದೀರಲ್ಲ ಸಾಹೇಬ್ರೆ! ಎರಡು ವರ್ಷದಿಂದ ಇವನ ಹಿಂದೆ ಓಡಿದೀನಿ ಅಂತ ಒಂದು ಮಾತು ಬರ್ಕೊಡಿ. ಪೊಲೀಸರ ಮಾತು ನಡೆಯತ್ತಂತೆ, ವಕೀಲಮ್ಮ ಹೇಳಿದಾರೆ.”

“ಓಡಿದೆ, ಹಿಡಿಯಕ್ಕಾಗ್ಲಿಲ್ಲ ಅಂತ ನನ್ನ ಕೈಯಾರೆ ಬರ್ಕೊಡ್ಲಾ? ಠಾಣೇಲಿ ನನ್ನ ಮರ್ಯಾದೆ ಏನಾಗ್ಬೇಕು?”

“ಪರವಾನಗಿ ಸಿಕ್ರೆ ನಾನು ಮೀನಂಗಡೀಲಿರ್ತೀನಿ. ನಿಮಗೆ ಓಡೋ ಕಾಟ ತಪ್ಪತ್ತೆ.”

ಯುಸೇಬಿಯೊನ ಕೈ ತಾನಾಗಿಯೇ ಮಂಡಿ ನೀವಿತು. ಮಾತು ನಾಟಿತ್ತು. ಆದರೆ ಮನುಷ್ಯ ಪ್ರಾಮಾಣಿಕ. ಬಾಬಕರನ ಮುಖವನ್ನು ಹತ್ತಿರದಿಂದ ನೋಡಿದ, ಕತ್ತು ಹಿಂದಕ್ಕೆಳೆದು ದೂರದಿಂದ ನೋಡಿದ, ತಲೆಯಾಡಿಸಿದ.

“ಆಗಲ್ಲ ಕಣೋ. ಸುಳ್ಳು ಸಾಕ್ಷಿ ಹೇಳಲಾರೆ. ನಿನ್ನ ಮುಖ ನಾನು ಯಾವತ್ತೂ ನೋಡೇ ಇಲ್ಲ.”

“ಅಯ್ಯೋ ಸಾಹೇಬ್ರೆ, ದಿನಾ ನನ್ನ ಹಿಂದೆ...”

“ಅದೇ ನಾನೂ ಹೇಳ್ತಿರೋದು. ಹಿಂದೆ! ನಾನು ಕಂಡಿರೋದು ಬೆನ್ನು. ವರದೀಲೂ ‘ಉದ್ದನೆಯವ, ಪರಾರಿ’ ಅಂತಲೇ ಬರೆದಿದೀನಿ. ಆ ಉದ್ದಣ್ಣ ನೀನೇ ಅಂತ ಹೇಗೆ ಹೇಳ್ಲಿ? ಆ ಭೂಪ ಎಡಮೊಣಕೈನ ಕೋಳಿ ರೆಕ್ಕೆ ತರ ಎತ್ಕೊಂಡು ಓಡ್ತಾನೆ. ಐಸ್‌ಕ್ರೀಮ್ ಅಂಗಡಿ ಮುಂದಿನ ಬೆಂಚನ್ನ ಬಳಸ್ಕೊಂಡು ಹೋಗಲ್ಲ, ಹಾರ್ತಾನೆ! ಎಂಥಾ ಹಾರೋದು ಅಂತೀಯ!” ಅವನ ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಹೆಚ್ಚಿತ್ತು.

“ಅದು ನಾನೇ ಸಾಹೇಬ್ರೆ! ನನ್ನ ಮಗಳಾಣೆ!”

“ಹಾಗಾದ್ರೆ ಹೋಗು, ಗಂಟು ಹೊತ್ಕೊ. ಓಡು. ನೋಡೇಬಿಡೋಣ.”

“ನೀವು ಇಲ್ಲೇ ನಿಂತು ನೋಡ್ತೀರಾ?”

“ನಿಂತ್ರೆ ಗುರುತು ಹತ್ತಲ್ಲ ಕಣೋ. ನಾನೂ ಓಡ್ಬೇಕು.”

ಬಾಬಕರ್ ತನ್ನ ದುಪ್ಪಟಿಯ ಬಳಿ ಹೋಗಿ ಹಗ್ಗ ಎಳೆದ. ಗಂಟು ಹೆಗಲಿಗೇರಿತು. ಓಡಿದ. ಇದು ಬರೀ ಪರೀಕ್ಷೆ ಎಂದು ಉಳಿದವರಿಗೇನು ಗೊತ್ತು? “ಬಂದ್ರು! ಬಂದ್ರು!” ಎಂಬ ಕೂಗೆದ್ದಿತು, ಈ ತುದಿಯಿಂದ ಆ ತುದಿಯವರೆಗೆ ದುಪ್ಪಟಿಗಳೆಲ್ಲ ಪಟಪಟನೆ ಮೇಲೆದ್ದವು. ಕಪ್ಪು ಕನ್ನಡಕ ಹಾಕಿ ನೋಡುತ್ತಿದ್ದ ಜರ್ಮನ್ ಹೆಂಗಸೊಬ್ಬಳು ಕನ್ನಡಕದ ಸಮೇತ ಪಿಳಿಪಿಳಿ ಕಣ್ಣು ಬಿಡುತ್ತ ನಿಂತಳು, ಮಾರುವವನೇ ಇಲ್ಲ. ಬಾಬಕರನ ಎಡಮೊಣಕೈ ಎದ್ದಿತು. ಬೆಂಚು ಬಂತು. ಹಾರಿದ.

“ನೀನೇ!” ಹಿಂದಿನಿಂದ ಯುಸೇಬಿಯೊ ಚೀರಿದ. “ನೀನೇ ಕಣೋ! ಬರ್ಕೊಡ್ತೀನಿ, ನಿಲ್ಲೋ!”

ಬಾಬಕರನಿಗೆ ಕುಣಿಯುವಷ್ಟು ಖುಷಿಯಾಯಿತು. ಮಗಳ ಮುಖ ಕಣ್ಣಿಗೆ ಕಟ್ಟಿತು. ನಿಲ್ಲಬೇಕೆಂದುಕೊಂಡ. ಆದರೆ ಕಾಲು ಕೇಳಬೇಕಲ್ಲ! ಪೊಲೀಸಪ್ಪ ‘ನಿಲ್ಲೋ’ ಎಂದರೆ ಇನ್ನೂ ಜೋರಾಗಿ ಓಡಬೇಕು ಎಂದು ಎರಡು ವರ್ಷ ಪಾಠ ಕಲಿತ ಕಾಲು ಅದು. ಮೀನಂಗಡಿ ದಾಟಿತು, ಯಜಮಾನಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಚರ್ಚಿನ ತಿರುವಿಗೆ ನುಗ್ಗಿತು. ಅಲ್ಲಿಯವರೆಗೂ ಏದುಸಿರಿನ ಕೂಗೊಂದು ಬೆನ್ನಟ್ಟಿಕೊಂಡು ಬಂತು:

“ಲೋ ಮಾರಾಯಾ, ಹೆಸರಾದ್ರೂ ಹೇಳಿ ಓಡೋ! ಯಾರ ಹೆಸರಿಗೆ ಬರ್ಕೊಡ್ಲಿ?”