ಹೆಣದ ಸಂಧಾನ

ನಾಟಕೋತ್ಸವದಲ್ಲಿ ನನ್ನದು ಹೆಣದ ಪಾತ್ರ. ಎಲ್ಲಿ ತಡವಾಗುತ್ತದೋ ಎಂಬ ಹೆದರಿಕೆಯಿಂದ ಎಲ್ಲರಿಗಿಂತ ಮೊದಲೇ ರಂಗದ ಮೇಲೆ ಹೋಗಿ ಮಲಗಿಬಿಟ್ಟಿದ್ದೆ. ಹಾಗಾಗಿ ಬಣ್ಣದ ಕೋಣೆಯಲ್ಲಿ ನಮ್ಮ ತಂಡದವರು ಏನು ತೀರ್ಮಾನಿಸಿದರೆಂದು ನನಗೆ ಗೊತ್ತಾಗಲಿಲ್ಲ.

ಪರದೆ ಸರಿಯಿತು. ಬಂದು ಅಳಬೇಕಿದ್ದ ಹೆಂಡತಿ ಬರಲಿಲ್ಲ. ಮಕ್ಕಳೂ ಬರಲಿಲ್ಲ. ಜನ ಕೆಮ್ಮತೊಡಗಿದರು. ಕೊನೆಗೆ ಉತ್ಸವದ ಕಾರ್ಯದರ್ಶಿಯೇ ಒಂದು ಹಾರ ಹಿಡಿದು ಓಡಿಬಂದು, ನನ್ನ ಎದೆಯ ಮೇಲೆ ಬಿದ್ದು ಅಳುವಂತೆ ನಟಿಸಿದರು.

“ನಿಮ್ಮೋರು ಒಳಗೆ ಮುಷ್ಕರ ಹೂಡಿದಾರೆ. ಬಿಟ್ಟಿ ಆಡಲ್ವಂತೆ. ನೀವಾದ್ರೂ ಬುದ್ಧಿ ಹೇಳಿ ಸಾರ್,” ಎಂದು ಕಿವಿಯಲ್ಲಿ ಪಿಸುಗುಟ್ಟಿದರು.

ಮುಷ್ಕರ ಎಂದ ಕೂಡಲೇ ನನಗೇನೂ ಗೊತ್ತಿಲ್ಲ ಎಂದುಬಿಡಬೇಕೆನಿಸಿತು. ಆದರೆ ಹೆಣ ಬಾಯಿ ಬಿಡುವುದುಂಟೇ? ಸುಮ್ಮನಿದ್ದೆ.

“ಊಟ ಹಾಕಿಸ್ತೀವಲ್ಲ ಸಾರ್?”

ಸುಮ್ಮನಿದ್ದೆ.

“ಬಸ್ ಚಾರ್ಜೂ ಕೊಡೋಣ, ಆಯ್ತಾ?”

ಮೂಗಿನ ಮೇಲೆ ನೊಣ ಕೂತಿತು. ಉಸಿರು ಬಿಗಿಹಿಡಿದೆ.

“ಅಯ್ಯೋ, ಏನ್ ಹಟಾನಪ್ಪ ಈ ಮನುಷ್ಯಂದು!” ಈಗ ಅವರು ನಿಜವಾಗಿಯೇ ಅಳುತ್ತಿದ್ದರು. ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. “ಆಯ್ತು, ನೀವೇ ಗೆದ್ರಿ.”

ತರಕಾರಿ ಅಂಗಡಿಯಲ್ಲೂ ಚೌಕಾಸಿ ಮಾಡಲು ಬಾರದ ನಾನು ಗೆದ್ದಿದ್ದೆ! ನನ್ನ ಪಾಲು ಬಂದರೆ ಸಂಜೆ ಕಾಲೇಜಿನ ಫೀಸು ಕಟ್ಟಬಹುದೆಂದು ಸತ್ತಲ್ಲೇ ಹಿಗ್ಗಿದೆ.

ಕಾರ್ಯದರ್ಶಿ ಕಣ್ಣೊರೆಸಿಕೊಂಡು ಎದ್ದು, ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ನಮ್ಮವರಿಗೆ ಹೇಳಿದರು:

“ಬನ್ರಪ್ಪಾ, ಇವತ್ತೇ ಸಂಭಾವನೆ ಕೊಟ್ಬಿಡ್ತೀನಿ. ಆದ್ರೆ ಮಾತಿರೋ ಪಾತ್ರಗಳಿಗೆ ಮಾತ್ರ.”