ಮಂಗಳವಾರದ ಚೈನು

ಹುಣಸೆಮರದ ಮೇಲೆ ಕೂತು ದಪ್ಪ ಕೊಂಬೆಯೊಂದನ್ನು ಅರ್ಧ ಕೊಯ್ದಿದ್ದ ಉಜ್ಜಿನಪ್ಪನ ಕೈಯಲ್ಲಿ ಮರ ಕೊಯ್ಯುವ ಮಿಷನ್ನು ಒಮ್ಮೆಲೇ ಜಗ್ಗಿತು. ನಿಲ್ಲಿಸಿ ನೋಡಿದರೆ ಅದರ ಹಲ್ಲಿನ ಚೈನು ಜೋಲು ಬಿದ್ದಿತ್ತು. ಬೆರಳಲ್ಲಿ ಎಣ್ಣೆ ಒರೆಸಿದ. ಕೊಂಡಿಯ ಮೇಲೆ ಕಂಪನಿ ಹೆಸರೇ ಇರಲಿಲ್ಲ.

ಹಿಂದೂಪುರದಿಂದ ಕಂಪನಿ ಹೆಸರಿದ್ದದ್ದೊಂದು, ಹೆಸರಿಲ್ಲದ ಅಗ್ಗದ್ದೊಂದು, ಹೀಗೆ ಎರಡು ಚೈನು ತಂದು, ಎರಡನ್ನೂ ಜಾಲಿ ದಿಮ್ಮಿಯ ಮೇಲೆ ಪರೀಕ್ಷೆ ಮಾಡಿದ್ದ. ಹೆಸರಿದ್ದದ್ದು ಸಂಜೆವರೆಗೆ ಕೊಯ್ದರೂ ಹರಿತ ಬಿಡಲಿಲ್ಲ. ಅಗ್ಗದ್ದು ಮಧ್ಯಾಹ್ನಕ್ಕೇ ಮೊಂಡಾಗಿ, ಮಿಷನ್ನಿನಿಂದ ಕಳಚಿಕೊಂಡು, ಅವನ ಕಿವಿಯ ಪಕ್ಕದಲ್ಲೇ ಚಾಟಿಯಂತೆ ಬೀಸಿಹೋಗಿತ್ತು. ಅಂದಿನಿಂದ ಅಗ್ಗದ್ದು ನೆಲದ ಮೇಲಿನ ಸೌದೆಗೆ, ಮರ ಹತ್ತಿದರೆ ಒಳ್ಳೇದೇ. ಚೈನು ಬಿಗಿಯುವ ಕೆಲಸ ಮಾತ್ರ ಯಾವಾಗಲೂ ಹೆಂಡತಿ ಹಂಪಮ್ಮನದು.

"ಲೇ ಹಂಪೀ, ಒಳ್ಳೆ ಚೈನೆಲ್ಲೇ?" ಮೇಲಿನಿಂದ ಕೂಗಿದ.

"ದೇವ್ರ ಮುಂದೆ ಐತೆ ಕಣ್ರೀ!" ಬೀಳುವ ಕೊಂಬೆಯನ್ನು ಪಕ್ಕಕ್ಕೆಳೆಯಲೆಂದು ಅದಕ್ಕೆ ಕಟ್ಟಿದ ಹಗ್ಗ ಹಿಡಿದು ದೂರ ನಿಂತಿದ್ದ ಹಂಪಮ್ಮ ಅಲ್ಲಿಂದಲೇ ಅಂದಳು. "ಇವತ್ತು ಮಂಗಳವಾರ. ಒಳ್ಳೇ ಸಾಮಾನನ್ನ ಮರ ಹತ್ತುಸ್ಬಾರ್ದು ಅಂತ ನಾನೇ ಬಿಚ್ಚಿ ಬದಲಾಯಿಸ್ಬುಟ್ಟೆ. ನಿಮ್ಮ ಒಳ್ಳೇದಕ್ಕೇ!"

ಬೆಳಗಿನಿಂದ ಆ ಚೈನು ತನ್ನ ಕುತ್ತಿಗೆಯಿಂದ ಗೇಣುದೂರದಲ್ಲಿ ತಿರುಗುತ್ತಿತ್ತೆಂದು ನೆನೆದು ಉಜ್ಜಿನಪ್ಪ ಅತ್ತ ತಿರುಗಿ ಮಿಷನ್ನನ್ನು ಪಕ್ಕದ ಕೊಂಬೆಗೆ ಸಿಕ್ಕಿಸಿದ. ಗಂಡ ಸಿಟ್ಟಾದನೆಂದುಕೊಂಡ ಹಂಪಮ್ಮ ಹಗ್ಗ ಕೆಳಗಿಟ್ಟು, ಸಮಾಧಾನ ಹೇಳಲು ಮರದಡಿಗೇ ಬಂದು ಮುಖ ಮೇಲೆತ್ತಿದಳು.

ಅರ್ಧ ಕೊಯ್ದ ಕೊಂಬೆ ಅವಳ ನೆತ್ತಿಯ ಮೇಲೆ ಕಿರ್ರೆಂದಿತು.