ಹದಿನೇಳನೇ ಫಾರಂ

"ಇಪ್ಪತ್ತೊಂಬತ್ತು ಮಂದಿ ಒಂದ ಮಾತು ಹ್ಯಾಂಗ ಹೇಳ್ತಾರವ್ವಾ? ಮನ್ಯಾಗ ಕುಂತು ನೀವ ತುಂಬೀರೇನು?"

ಮಲ್ಲಿಕಾರ್ಜುನಪ್ಪನವರು ಫಾರಂಗಳ ಕಟ್ಟನ್ನು ಮೇಜಿನ ಮೇಲೆ ದೊಪ್ಪೆಂದು ಹಾಕಿದರು. ಬೀದರಿನ ವಿಶ್ವವಿದ್ಯಾಲಯದ ಹಾಲಿನಲ್ಲಿ ಶಶಿಕಲಾಳ ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆ ನಡೆದಿತ್ತು. ಹೊರಗಿನಿಂದ ಬಂದ ಈ ಪರೀಕ್ಷಕರು ಅರ್ಧ ಗಂಟೆ ಇಂಗ್ಲಿಷಿನಲ್ಲೇ ಕೇಳಿದ್ದರು. ಸಿಟ್ಟು ಬಂದದ್ದೇ ತಡ, ಕನ್ನಡಕ್ಕಿಳಿದಿದ್ದರು. ಭಾಲ್ಕಿಯ ಕಿರಾಣಿ ಅಂಗಡಿಯವರ ಮಗಳು ಆರು ವರ್ಷ ನೌಕರಿ, ಮನೆ, ಮಕ್ಕಳ ನಡುವೆ ಕದ್ದು ಓದಿದ್ದೆಲ್ಲ ಈಗ ಆ ಕಟ್ಟಿನ ಮೇಲೆ ನಿಂತಿತ್ತು. ಉತ್ತರ ಲೆಕ್ಕದಲ್ಲಿ ಸಿಗುವಂತಿರಲಿಲ್ಲ.

ಅವಳದು ಪರಿಸರದ ಅರ್ಥಶಾಸ್ತ್ರ. ಸಂತೆಗೆ ಬಾರದ್ದಕ್ಕೂ ಬೆಲೆ ಎಷ್ಟೆಂದು ಕೇಳುವುದು ಈ ಶಾಸ್ತ್ರದವರ ಹಟ. ಔರಾದ ತಾಲೂಕಿನ ಒಂದು ಊರಿನ ಕೆರೆಯನ್ನು ಆರಿಸಿಕೊಂಡು ಅವಳೂ ಮನೆ ಮನೆಗೆ ಹೋಗಿ ಕೇಳಿದ್ದಳು: ಈ ಕೆರೆ ಉಳಿಯಬೇಕೆಂದರೆ ವರ್ಷಕ್ಕೆ ಎಷ್ಟು ಕೊಡುತ್ತೀರಿ? ಊರೊಳಗಿನವರು ಐವತ್ತು, ನೂರು ಎಂದರು. ಊರ ಹೊರಗಿನ ಓಣಿಯ ಇಪ್ಪತ್ತೊಂಬತ್ತು ಮನೆಗಳು ಮಾತ್ರ ಸೊನ್ನೆ ಎಂದವು. ಯಾಕೆ ಎಂಬ ಖಾನೆಯಲ್ಲಿ ಎಲ್ಲರದೂ ಒಂದೇ ಉತ್ತರ: 'ಕೊಟ್ಟಾಗ್ಯದ.' ಪಂಚಾಯಿತಿಗೆ ಏನೋ ಕರ ಕಟ್ಟಿರಬೇಕು ಎಂದುಕೊಂಡು ಹಾಗೆಯೇ ಬರೆದುಕೊಂಡಳು. ಏನು ಕೊಟ್ಟಿರಿ ಎಂದು ಕೇಳಲಿಲ್ಲ. ಕೇಳಿದ್ದರೂ ಬರೆಯಲು ಫಾರಮಿನಲ್ಲಿ ಜಾಗವಿರಲಿಲ್ಲ ಎನ್ನಿ.

"ಆ ಕೆರಿಗೆ ಯಾವ ಕರಾನೂ ಇಲ್ಲ, ನಾ ವಿಚಾರಿಸೀನಿ," ಎಂದರು ಮಲ್ಲಿಕಾರ್ಜುನಪ್ಪ. ಕಟ್ಟಿನಿಂದ ಒಂದು ಹಾಳೆ ಎಳೆದರು. "ಈ ಹದಿನೇಳನೇ ಫಾರಂ ಯಾರದು? ಹೆಸರು ಹೇಳ್ರಿ, ಫೋನ್ ಹಚ್ಚಿ ಕೇಳೋಣು."

ಆ ಹದಿನೇಳು ಹಾಲಿನ ಕೊನೆಯ ಸಾಲಿನಲ್ಲೇ ಕೂತಿತ್ತು. ಬಹಿರಂಗ ಪರೀಕ್ಷೆ, ಯಾರು ಬೇಕಾದರೂ ಬರಬಹುದು ಎಂದು ಅವಳೇ ಬಾಯಿ ಜಾರಿ ಹೇಳಿದ್ದಕ್ಕೆ ಮುದುಕಿ ಜಿಜಾಬಾಯಿ ತಮ್ಮ ಓಣಿಯ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು, ಆಧಾರ್ ಕಾರ್ಡು ತೋರಿಸಿ, ಪುಕ್ಕಟೆ ಬಸ್ಸಿನಲ್ಲಿ ಬಂದುಬಿಟ್ಟಿದ್ದರು. ಫಾರಂ ತುಂಬಿದ ದಿನ ಶಶಿಕಲಾ ಅವರಿಗೆ, "ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ ಆಯಿ, ನೀವು ಹದಿನೇಳು ಅಷ್ಟ," ಎಂದು ಮಾತು ಕೊಟ್ಟಿದ್ದಳು. "ಯಾಕ, ನಂಗ ಹೆಸರಿಲ್ಲೇನು?" ಎಂದು ಮುದುಕಿ ಮುಖ ತಿರುಗಿಸಿದ್ದರು.

"ಹೆಸರು ಹೇಳಂಗಿಲ್ರಿ ಸರ್. ಮಾತು ಕೊಟ್ಟೀನಿ."

"ಹಂಗಾದ್ರ ಇವೆಲ್ಲಾ ಖೊಟ್ಟಿ ಅಂತ ಬರೀತೇನಿ." ಅವರು ಪೆನ್ನಿನ ಟೋಪಿ ತೆಗೆದರು.

"ತಡೀರಿ ಸಾಹೇಬ್ರ!" ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. "ಹದಿನೇಳು ನಾನ ರಿ. ಹುಡುಗಿ ಮಾತು ಕೊಟ್ಟಾಳ, ಆಕಿ ಹೇಳಂಗಿಲ್ಲ. ನಾ ಯಾರಿಗೂ ಮಾತು ಕೊಟ್ಟಿಲ್ಲ."

ಜಿಜಾಬಾಯಿ ಕೋಲೂರಿಕೊಂಡು ಮೇಜಿನವರೆಗೂ ನಡೆದು ಬಂದರು. ಮಲ್ಲಿಕಾರ್ಜುನಪ್ಪನವರ ಪೆನ್ನು ಗಾಳಿಯಲ್ಲೇ ನಿಂತಿತು.

"ಏನು ಕೊಟ್ಟೀರಿ ಆಯಿ, ಆ ಕೆರಿಗೆ?" ಎಂದು ಕೇಳಿದರು ಪರೀಕ್ಷಕರು.

"ನಮ್ಮ ಓಣ್ಯಾನವರು ಆ ನೀರು ಮುಟ್ಟಂಗಿದ್ದಿಲ್ರಿ. ನಾ ಲಗ್ನ ಆಗಿ ಬಂದ ವರ್ಷ ಓಣ್ಯಾಗಿನ ಎಲ್ಲಾ ಮನಿಯವ್ರೂ ಒಂದ ದಿನ ಕೊಡ ಹೊತ್ಕೊಂಡು ಹೋದ್ವಿ. ಎಲ್ಲಾರಕಿಂತ ಮುಂದ ನಾ. ನೀರಾಗ ಕೈ ಇಟ್ಟೆ, ಕಲ್ಲು ಬಂತು." ಸೆರಗು ಹಿಂದೆ ಸರಿಸಿದರು. ಬಿಳಿ ಕೂದಲಿನ ನಡುವೆ ಬೆರಳುದ್ದದ ಹಳೆಯ ಗಾಯದ ಕಲೆ. "ನಮ್ಮ ಮಾವನ ಕಾಲು ಮುರೀತು. ಮನಿಗೊಬ್ಬರು ಪೆಟ್ಟು ತಿಂದ್ರು. ಕೊಡ ಮಾತ್ರ ತುಂಬಿಸ್ಕೊಂಡ ಬಂದ್ವಿ. ಕೊಡೋದು ಅವತ್ತ ಕೊಟ್ಟಾಗ್ಯದ್ರಿ. ಮತ್ತ ವರ್ಷಾ ವರ್ಷಾ ಯಾಕ ಕೊಡಬೇಕು?"

ಶಶಿಕಲಾಳಿಗೆ ಕಣ್ಣು ತುಂಬಿ ಬಂತು. ಆ ಮನೆಯ ಕಟ್ಟೆಯ ಮೇಲೆ ಕೂತು ಎಷ್ಟು ಸಲ ಚಹಾ ಕುಡಿದಿದ್ದಳು, ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅದರ ಬೆನ್ನಿಗೇ ಎಂಥದೋ ಸಂತೋಷ ನುಗ್ಗಿತು.

"ಕೇಳಲಿಲ್ಲ, ಅದು ನನ್ನ ತಪ್ಪು ಸರ್. ಆದ್ರ ಈ ಇಪ್ಪತ್ತೊಂಬತ್ತು ಫಾರಂ ನಾ ಲೆಕ್ಕದಿಂದ ತಗಿಯಂಗಿಲ್ಲ. ಇಡೀ ಊರಾಗ ಆ ಕೆರಿಗೆ ಎಲ್ಲಾರಕಿಂತ ಹೆಚ್ಚು ಕೊಟ್ಟವರು ಈ ಸೊನ್ನಿಯವರ."

ಮಲ್ಲಿಕಾರ್ಜುನಪ್ಪನವರು ಆ ಹಾಳೆಯನ್ನು ಮತ್ತೊಮ್ಮೆ ಓದಿದರು. ಮೂವತ್ತು ವರ್ಷದಿಂದ ಇದೇ ವಿಷಯ ಕಲಿಸುತ್ತ ಬಂದವರು. ಕೊನೆಗೆ ತಮ್ಮ ವರದಿಯಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿ ಎದ್ದು ನಿಂತರು. "ಆ ಒಂದು ಅಧ್ಯಾಯ ತಿಂಗಳೊಳಗ ಮತ್ತ ಬರೀರಿ. ಈ ಸಲ ಕೇಳಿ ಬರೀರಿ, ಡಾಕ್ಟರ್ ಶಶಿಕಲಾ." ಕೊನೆಯ ಎರಡು ಶಬ್ದಕ್ಕೆ ಇಡೀ ಹಾಲು ಎದ್ದು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ಹೆಂಗಸರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಜಿಜಾಬಾಯಿಗೆ ಮಾತ್ರ ಸಮಾಧಾನವಿರಲಿಲ್ಲ. "ಅದೆಲ್ಲಾ ಖರೆ. ಹದಿನೇಳು ಹದಿನೇಳು ಅಂತೀರಿ, ಅಲ್ಲಿ ಈಗರೆ ನನ್ನ ಹೆಸರು ಬರೀತೀರೋ ಇಲ್ಲೋ?"

"ನೀವ ಬರೀರಿ ಆಯಿ," ಎಂದಳು ಶಶಿಕಲಾ.

ಮಲ್ಲಿಕಾರ್ಜುನಪ್ಪನವರು ತಮ್ಮ ಕುರ್ಚಿಯನ್ನೇ ಹಿಂದಕ್ಕೆ ಸರಿಸಿ ಕೊಟ್ಟು, ಪೆನ್ನನ್ನೂ ಕೊಟ್ಟರು. ಸಾಕ್ಷರತೆಯ ಶಾಲೆಯಲ್ಲಿ ಕಲಿತ ಅಕ್ಷರ. ಜಿಜಾಬಾಯಿ ಒಂದು ಬರೆದು, ಉಸಿರು ಬಿಟ್ಟು, ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ಪಕ್ಕದ ಕೋಣೆಯಲ್ಲಿ ಊಟ ಆರುತ್ತಿತ್ತು. ಯಾರೂ ಕದಲಲಿಲ್ಲ. ಪ್ರೊಫೆಸರರು, ವಿದ್ಯಾರ್ಥಿಗಳು, ಭಾಲ್ಕಿಯಿಂದ ಬಂದ ನೆಂಟರು, ಹಾಲಿನಲ್ಲಿ ಎಲ್ಲರೂ ನಿಂತಿದ್ದರು. ಕುಳಿತಿದ್ದವರು ಜಿಜಾಬಾಯಿ ಒಬ್ಬರೇ.